ಸ್ಟಾಪ್‌ವಾಚ್ ಯಾರ ಕೈಲಿದೆ?

ಓಡೋದು ಆರೋಗ್ಯಕ್ಕೆ ಒಳ್ಳೇದು ಅಂತ ಗೊತ್ತಿಲ್ಲದವರು ನಮ್ಮ ಹಾಸ್ಟೆಲ್ಲಲ್ಲಿ ಒಬ್ಬರೂ ಇಲ್ಲ. ಆದರೂ ಐದೂವರೆಗೆ ಅಲಾರಂ ಹೊಡೆದರೆ ಕಂಬಳಿ ಇನ್ನೊಂಚೂರು ಮೇಲೆ ಎಳ್ಕೊಳ್ಳೋರೇ ಜಾಸ್ತಿ. ರಾತ್ರಿ ಒಂದು ಗಂಟೆವರೆಗೆ ಮೋಟಿವೇಶನ್ ವಿಡಿಯೋ ನೋಡಿದವರಿಗಂತೂ ಬೆಳಗ್ಗೆ ಏಳೋಕೆ ಆ ವಿಡಿಯೋನೇ ಅಡ್ಡಿ!

ಇದಕ್ಕೆ ಕಾರಣ ನಮ್ಮ ಫಿಸಿಕ್ಸ್ ಪುಸ್ತಕದಲ್ಲೇ ಇದೆ. ನಿಂತಿರೋ ವಸ್ತುವನ್ನ ಕದಲಿಸೋಕೆ ಹೆಚ್ಚು ಬಲ ಬೇಕು, ಒಮ್ಮೆ ಅದು ಜಾರೋಕೆ ಶುರುವಾದ್ರೆ ಕಡಿಮೆ ಬಲ ಸಾಕು. ಗರಿಷ್ಠ ಸ್ಟ್ಯಾಟಿಕ್ ಫ್ರಿಕ್ಷನ್ ಸಾಮಾನ್ಯವಾಗಿ ಕೈನೆಟಿಕ್‌ಗಿಂತ ದೊಡ್ಡದು. 400 ಮೀಟರ್ ಟ್ರ್ಯಾಕಲ್ಲಿ 5 ಕಿಲೋಮೀಟರ್ ಅಂದ್ರೆ ಹನ್ನೆರಡೂವರೆ ಸುತ್ತು. ಅಷ್ಟು ಸುತ್ತಿಗಿಂತ ಹಾಸಿಗೆಯಿಂದ ಶೂವರೆಗಿನ ನಾಲ್ಕು ಹೆಜ್ಜೆನೇ ಕಷ್ಟ. ಆ ಮೊದಲ ತಳ್ಳು ನಮ್ಮೊಳಗಿಂದಲೇ ಬರಲಿ ಅಂತ ಕಾಯ್ತಾ ಕೂತ್ರೆ ಡಿಗ್ರಿ ಮುಗಿದುಹೋಗುತ್ತೆ.

ನಮಗೆ ಅದು ಹೊರಗಿಂದ ಬಂತು. ಏಳನೇ ಸೆಮಿಸ್ಟರ್, ಪ್ಲೇಸ್‌ಮೆಂಟ್ ಸೀಸನ್. ನಾವು ನಾಲ್ವರಲ್ಲಿ ಒಬ್ಬ ಐದು ಕಂಪನಿಗಳಲ್ಲಿ ಕೊನೇ ರೌಂಡ್ ತನಕ ಹೋಗಿ ವಾಪಸ್ ಬಂದಿದ್ದ. ಆಮೇಲೆ ಮೆಸ್ಸಿಗೆ ಬರೋದು ನಿಲ್ಲಿಸಿದ. ರೂಮಿಗೆ ತಂದುಕೊಟ್ಟ ಉಪ್ಪಿಟ್ಟು ಅರ್ಧ ಹಾಗೇ ಉಳೀತಿತ್ತು. ಮನೆಯಿಂದ ಫೋನ್ ಬಂದ್ರೆ ಸೈಲೆಂಟಿಗೆ ಹಾಕ್ತಿದ್ದ. "ಬಿಡೋ ಮಗಾ, ಏನಾಗಲ್ಲ" ಅನ್ನೋ ಮಾತು ನಮಗೇ ಪೊಳ್ಳು ಅನ್ನಿಸ್ತಿತ್ತು. ಕಾಲೇಜಿನ ಕೌನ್ಸೆಲರ್ ಹತ್ತಿರ ಅವನ ಜೊತೆ ಹೋದ್ವಿ. ಅಲ್ಲಿ ಹೇಳಿದ ಹಲವು ಮಾತುಗಳಲ್ಲಿ ಒಂದು: ದಿನಾ ಬೆಳಗ್ಗೆ ರೂಮಿಂದ ಹೊರಗೆ ಬನ್ನಿ.

"ನೀವು ಹೋಗ್ರೋ, ನನ್ ಕೈಲಾಗಲ್ಲ" ಅಂದ.

"ನೀನು ಓಡಬೇಡ. ಟೈಮ್ ನೋಡು, ಸಾಕು."

ಆ ಕೆಲಸ ನಿಜವಾಗಲೂ ಇತ್ತು. 'ಕೌಚ್ ಟು 5ಕೆ' ಅನ್ನೋ ಪ್ಲಾನನ್ನ 1996ರಲ್ಲಿ ಜಾಶ್ ಕ್ಲಾರ್ಕ್ ಮಾಡಿದ್ದು ತನ್ನ ತಾಯಿ ಓಡಲಿ ಅಂತ. ಒಂಬತ್ತು ವಾರ, ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಬಿರುಸಾಗಿ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಸೆಕೆಂಡ್ ಲೆಕ್ಕ ಇಡೋಕೆ ಒಬ್ಬರು ಬೇಕೇ ಬೇಕು. ಅವನು ಕಟ್ಟೆ ಮೇಲೆ ಕೂತು "ಓಡಿ", "ನಡೀರಿ" ಅಂತಿದ್ದ. ನಮಗೆ ನಿದ್ದೆ ಬಂದ ದಿನವೂ ಎದ್ವಿ, ನಾವು ಏಳದಿದ್ರೆ ಅವನೂ ಏಳಲ್ಲ ಅಂತ. ಅವನು ಏಳ್ತಿದ್ದದ್ದು ತಾನಿಲ್ಲದೆ ನಮಗೆ ಟೈಮ್ ಸಿಗಲ್ಲ ಅಂತ. ಮೂರನೇ ವಾರ ಫೋನ್ ಕೈಲಿ ಹಿಡ್ಕೊಂಡೇ ನಮ್ಮ ಪಕ್ಕ ಓಡೋಕೆ ಶುರು ಮಾಡಿದ.

ಹೊಸದಾಗಿ ಓಡೋರಿಗೆ ಒಂದು ಒಳ್ಳೆ ನಿಯಮ ಇದೆ: ಪಕ್ಕದವರ ಜೊತೆ ಮಾತಾಡೋಕಾಗುವಷ್ಟು ನಿಧಾನವಾಗಿ ಓಡಿ. ಏದುಸಿರು ಬಂದ್ರೆ ವೇಗ ಜಾಸ್ತಿಯಾಯ್ತು ಅಂತ ಅರ್ಥ. ಈ ನಿಯಮದ ಇನ್ನೊಂದು ಉಪಯೋಗ ನಮಗೆ ಐದನೇ ವಾರ ಗೊತ್ತಾಯ್ತು. ರೂಮಲ್ಲಿ ಎದುರಾಬದುರಾ ಕೂತಾಗ ಬಾಯಿ ಬಿಡದವನು, ಟ್ರ್ಯಾಕಲ್ಲಿ ಮುಂದೆ ನೋಡ್ಕೊಂಡು ಎಲ್ಲಾ ಹೇಳಿದ. ಅಪ್ಪ ಮಾಡಿದ ಎಜುಕೇಶನ್ ಲೋನು, ಮನೆಗೆ ಏನು ಹೇಳೋದು ಅನ್ನೋ ಭಯ, ನಿದ್ದೆ ಬರದ ರಾತ್ರಿಗಳು. ನಾವು ಸಲಹೆ ಕೊಡಲಿಲ್ಲ. ವೇಗ ಇನ್ನೂ ಸ್ವಲ್ಪ ಕಡಿಮೆ ಮಾಡಿದ್ವಿ, ಅಷ್ಟೇ.

ಅವನಿಗೆ ಇನ್ನೂ ಆಫರ್ ಬಂದಿಲ್ಲ. ಓಡಿದ್ರೆ ಕೆಲಸ ಸಿಗುತ್ತೆ ಅಂತ ಹೇಳೋಕೆ ಈ ಲೇಖನ ಬರೀತಿಲ್ಲ. ಆದರೆ ಮೆಸ್ಸಿಗೆ ಬರ್ತಾನೆ, ಮನೆಗೆ ಫೋನ್ ಮಾಡಿ ಅಪ್ಪನ ಹತ್ತಿರ ಮಾತಾಡಿದ್ದಾನೆ. ಇದನ್ನ ಓದಿ "ಹಾಕ್ರೋ" ಅಂದಿದ್ದೂ ಅವನೇ.

ಹಾಗಾಗಿ ಜೂನಿಯರ್ಸ್, ಮೋಟಿವೇಶನ್ ಹುಡುಕಬೇಡಿ. ನಿಮಗಾಗಿ ಕಾಯೋ ಒಬ್ಬರನ್ನ ಹುಡುಕಿ, ಅಥವಾ ನೀವೇ ಯಾರಿಗಾದರೂ ಕಾಯಿರಿ. ಯಾರೂ ಸಿಗದಿದ್ರೆ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರಕ್ಕೆ ಗ್ರೌಂಡಿಗೆ ಬನ್ನಿ. ಹಳೇ ಶೂ ಆದ್ರೂ ಪರವಾಗಿಲ್ಲ. ಸ್ಟಾಪ್‌ವಾಚ್ ಹಿಡ್ಕೊಂಡು ಒಬ್ಬ ಇರ್ತಾನೆ.