ಹೇಮಾವತಿಯ ನಾಡಿನಲ್ಲಿ ನಿಧಾನದ ಆರು ದಿನಗಳು

ಕೊಡಗನ್ನು ಆಂಗ್ಲರು ‘ಭಾರತದ ಸ್ಕಾಟ್‌ಲೆಂಡ್’ ಎಂದು ಕರೆದರು. ಅಂದಿನಿಂದಲೂ ರಜೆ ಸಮೀಪಿಸಿತೆಂದರೆ ಬೆಂಗಳೂರಿನ ಸಂಸಾರಸ್ಥರ ಮನಸ್ಸು ಆ ಬೆಟ್ಟಗಳ ಕಡೆಗೆ ಓಡುವುದು ವಾಡಿಕೆ. ಅಲ್ಲಿಗೆ ಹೋಗುವ ಹಾದಿಗಳಲ್ಲಿ ಒಂದು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳನ್ನು ಹಾಯ್ದು ಹೋಗುತ್ತದೆ. ಪ್ರವಾಸಿಗರ ಪಾಲಿಗೆ ಇವು ಕಾಫಿ ಕುಡಿಯಲು ಗಾಡಿ ನಿಲ್ಲಿಸುವ ಊರುಗಳು. ಮಕ್ಕಳು ‘ಇನ್ನೆಷ್ಟು ದೂರ?’ ಎಂದು ಕೇಳುವ ಊರುಗಳು. ಇಲ್ಲಿಯೇ ಇಳಿದು, ಇಲ್ಲಿಯೇ ಉಳಿದು, ಒಂದು ವಾರವನ್ನು ಆನಂದವಾಗಿ ಕಳೆಯಬಹುದೆಂಬ ಯೋಚನೆ ಬರುವುದು ಅಪರೂಪ.

ಹಾಸನಕ್ಕೆ ಬರುವವರು ಇಲ್ಲವೆಂದಲ್ಲ, ಬೇಕಾದಷ್ಟು ಮಂದಿ ಬರುತ್ತಾರೆ. ಆದರೆ ಅವರ ಪ್ರವಾಸ ಬಹುಮಟ್ಟಿಗೆ ಒಂದೇ ದಿನದ್ದು. ಬೆಳಗಿನ ಜಾವ ಬೆಂಗಳೂರು ಬಿಟ್ಟು, ಶ್ರವಣಬೆಳಗೊಳದ ಬೆಟ್ಟವನ್ನು ಏದುಸಿರಿನಿಂದ ಹತ್ತಿ ಇಳಿದು, ಬೇಲೂರಿನಲ್ಲಿ ಮದನಿಕೆಯರ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಹಳೇಬೀಡನ್ನು ಮುಸ್ಸಂಜೆಯಲ್ಲಿ ಮುಟ್ಟಿ, ನಡುರಾತ್ರಿಗೆ ಮನೆ ಸೇರುತ್ತಾರೆ. ಮರುದಿನ ಯಾವ ಗುಡಿಯಲ್ಲಿ ಯಾವ ಶಿಲ್ಪವಿತ್ತೆಂದು ಕೇಳಿದರೆ ಮನೆಮಂದಿಯಲ್ಲೇ ವಾದ ಹುಟ್ಟುತ್ತದೆ. ನೋಡಿದ್ದು ಮೂರು ಊರಾದರೂ ಮನಸ್ಸಿನಲ್ಲಿ ನಿಂತದ್ದು ಬಸ್ಸಿನ ಕುಲುಕಾಟವೊಂದೇ!

ನಿಜವಾದ ಸ್ಕಾಟ್‌ಲೆಂಡನ್ನು ಹಿಂದಿನವರು ಹೇಗೆ ನೋಡಿದರೆಂಬುದನ್ನು ನೆನೆಯುವುದು ಒಳ್ಳೆಯದು. ಇಂಗ್ಲಿಷ್ ನಿಘಂಟುಕಾರ ಡಾ. ಸ್ಯಾಮ್ಯುಯಲ್ ಜಾನ್ಸನ್ 1773ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಮಿತ್ರ ಬಾಸ್ವೆಲ್ಲನೊಡನೆ ಅಲ್ಲಿನ ಬೆಟ್ಟಗಳನ್ನೂ ದ್ವೀಪಗಳನ್ನೂ ಆಗಸ್ಟಿನಿಂದ ನವೆಂಬರಿನವರೆಗೆ ಸುತ್ತಿದರು. ಮಳೆ ಬಂದರೆ ನಿಂತರು, ಗಾಳಿ ಎದ್ದರೆ ದೋಣಿ ಏರದೆ ಕಾದರು, ಕಂಡವರೊಡನೆಲ್ಲ ಮಾತನಾಡಿದರು. ಆ ಒಂದು ಸಂಚಾರದಿಂದ ಇಬ್ಬರೂ ಒಂದೊಂದು ಪುಸ್ತಕ ಬರೆದರು. ಎರಡೂ ಇಂದಿಗೂ ಓದುಗರನ್ನು ಹೊಂದಿವೆ. ಮೂರು ತಿಂಗಳ ಬಿಡುವು ನಮ್ಮಲ್ಲಿ ಯಾರಿಗಿದೆ? ಆದರೆ ನಿಧಾನವೆಂಬುದು ದಿನಗಳ ಸಂಖ್ಯೆಯಲ್ಲಿಲ್ಲ, ಬಿಟ್ಟುಕೊಡುವ ಊರುಗಳ ಸಂಖ್ಯೆಯಲ್ಲಿದೆ. ಆರೇ ದಿನಗಳಲ್ಲಿಯೂ ನಿಧಾನವಾಗಿ ಸಂಚರಿಸಬಹುದು.

ಕಾಲ ಯಾವುದು, ಬಿಡಾರ ಎಲ್ಲಿ?

ಮಕ್ಕಳಿರುವ ಮನೆಗೆ ದೊರೆಯುವ ರಜೆಗಳು ಎರಡು: ದಸರೆಯದು, ಬೇಸಗೆಯದು. ಹೇಮಾವತಿಯ ನಾಡು ಈ ಎರಡು ಕಾಲಗಳಲ್ಲಿ ಎರಡು ಬಗೆಯಾಗಿ ತೋರುತ್ತದೆ. ದಸರೆಯ ಹೊತ್ತಿಗೆ ಮುಂಗಾರು ಮುಗಿದು ಗದ್ದೆಗಳು ಹಸುರಾಗಿರುತ್ತವೆ, ಒಳ್ಳೆಯ ಮಳೆಯಾದ ವರ್ಷ ಜಲಾಶಯ ತುಂಬಿರುತ್ತದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದು, ಮುಳುಗಿದ ನೆಲ ಹೊರಗೆ ಬರುತ್ತದೆ. ಆದರೆ ಬರಿಗಾಲಿನಲ್ಲಿ ತುಳಿಯಬೇಕಾದ ಗುಡಿಯ ಹಾಸುಗಲ್ಲು ಹತ್ತು ಗಂಟೆಗೇ ಕಾದ ಹೆಂಚಾಗುತ್ತದೆ. ವೃದ್ಧರು ಜೊತೆಯಲ್ಲಿದ್ದರೆ ದಸರೆಯೇ ಲೇಸು. ಬೇಸಗೆಯಲ್ಲಿಯೇ ಹೊರಡಬೇಕಾದರೆ ಬೆಳಗನ್ನು ಕಲ್ಲಿಗೂ ಸಂಜೆಯನ್ನು ನೀರಿಗೂ ಮೀಸಲಿಡಿ. ನಡುಹಗಲು ಊಟಕ್ಕೂ ನಿದ್ದೆಗೂ ಇರಲಿ.

ಬಿಡಾರವನ್ನು ಒಂದೇ ಕಡೆ ಮಾಡಿಕೊಳ್ಳಬೇಕು. ದಿನವೂ ಗಂಟುಮೂಟೆ ಕಟ್ಟಿ ಬಿಚ್ಚುವುದರಲ್ಲಿ ಗೃಹಿಣಿಯ ರಜೆ ಕಳೆದುಹೋಗುತ್ತದೆಂಬುದನ್ನು ಮನೆಯ ಯಜಮಾನರು ಮರೆಯಬಾರದು. ಗೊರೂರಿನಲ್ಲಿ ದೊಡ್ಡ ವಸತಿಗೃಹಗಳನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿಂದ ಸುಮಾರು 25 ಕಿಲೋಮೀಟರು ದೂರದ ಹಾಸನದಲ್ಲಿ ಎಲ್ಲ ಅಂತಸ್ತಿನ ವಸತಿಯೂ ಉಂಟು. ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಯುವ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಬೆಂಗಳೂರಿನಿಂದ ಹಾಸನಕ್ಕೆ ಬರುವುದು ಹಗುರವಾಗಿದೆ.

ಮೊದಲ ದಿನ ಪ್ರಯಾಣದ ದಣಿವೇ ಸಾಕು. ಸಂಜೆಗೆ ಮೊಸಳೆಗೆ ಹೋಗಿಬನ್ನಿ. ಹೊಳೆನರಸೀಪುರದ ರಸ್ತೆಯ ಬಳಿಯ ಈ ಹಳ್ಳಿಯಲ್ಲಿ 1200ರ ಸುಮಾರಿಗೆ ಕಟ್ಟಿದ ಎರಡು ಹೊಯ್ಸಳ ಗುಡಿಗಳು, ಅವಳಿ ಮಕ್ಕಳಂತೆ, ಪಕ್ಕಪಕ್ಕದಲ್ಲಿ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಎರಡಕ್ಕೂ ಇರುವ ವ್ಯತ್ಯಾಸಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ ದೊಡ್ಡವರು ಜಗಲಿಯ ಮೇಲೆ ಕುಳಿತುಕೊಳ್ಳಬಹುದು.

ಗೊರೂರಿಗೆ ಒಂದು ಇಡೀ ದಿನ

ಎರಡನೆಯ ದಿನ ಗೊರೂರಿನದು. ಚಿಕ್ಕಮಗಳೂರು ಜಿಲ್ಲೆಯ ಮಲೆಗಳಲ್ಲಿ ಹುಟ್ಟಿದ ಹೇಮಾವತಿ ಸಕಲೇಶಪುರವನ್ನು ಬಳಸಿ ಇಲ್ಲಿಗೆ ಬರುತ್ತಾಳೆ. ಬೇಲೂರಿನ ಕಡೆಯಿಂದ ಇಳಿದ ಯಗಚಿಯೂ ಈ ಊರಿನ ಸಮೀಪದಲ್ಲಿಯೇ ಅವಳನ್ನು ಕೂಡುತ್ತದೆ. ದಡದಲ್ಲಿ ಯೋಗಾನರಸಿಂಹನ ಗುಡಿ. ಬೇಲೂರಿನ ಕೆತ್ತನೆಯನ್ನು ಇಲ್ಲಿ ಅರಸಬಾರದು. ಇದು ನೋಡುವವರ ಗುಡಿಯಲ್ಲ, ಊರವರ ಗುಡಿ. ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ, ಹೊಳೆಯನ್ನು ನೋಡುತ್ತ ಸುಮ್ಮನೆ ಕುಳಿತುಕೊಳ್ಳಿ.

ಈ ಊರು ಕನ್ನಡಿಗರಿಗೆ ಪರಿಚಿತವಾದದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಂದ (1904–1991). ಗಾಂಧೀಜಿಯವರ ಅನುಯಾಯಿಯಾಗಿ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಅವರು, ತಮ್ಮ ಊರಿನ ಬೀದಿಯನ್ನೂ ಹೊಳೆಯನ್ನೂ ಜನರನ್ನೂ ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಮೊದಲಾದ ಪುಸ್ತಕಗಳಲ್ಲಿ ನಗುನಗುತ್ತ ಚಿತ್ರಿಸಿದರು. ‘ಹೇಮಾವತಿ’ ಎಂಬುದು ಅವರ ಕಾದಂಬರಿಯೊಂದರ ಹೆಸರೇ ಆಗಿದೆ. ಎಪ್ಪತ್ತು ದಾಟಿದ ಮೇಲೆ ಅವರು ಕಡಲಾಚೆಗೂ ಹೋಗಿಬಂದರು. ಆ ಸಂಚಾರದ ಫಲವಾದ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತನ್ನ ಊರನ್ನು ಚೆನ್ನಾಗಿ ನೋಡಿದ ಕಣ್ಣು ಪರದೇಶವನ್ನೂ ಚೆನ್ನಾಗಿ ನೋಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊರಡುವ ಮುನ್ನ ಅವರ ಒಂದು ಪುಸ್ತಕವನ್ನಾದರೂ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ.

ಮಧ್ಯಾಹ್ನದ ಮೇಲೆ ಅಣೆಕಟ್ಟು. 1979ರಲ್ಲಿ ಪೂರ್ಣಗೊಂಡ ಇದರ ಉದ್ದ 4,692 ಮೀಟರು, ಎತ್ತರ 58 ಮೀಟರು. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಹಿಡಿಯುವ ನೀರು 37 ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಇದರ ಕಾಲುವೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ನೆಲವನ್ನು ತಣಿಸುತ್ತವೆ. ತೂಬು ತೆರೆದಾಗ ಕೆಳಗಿನ ಹೊಳೆ ಕ್ಷಣದಲ್ಲಿ ಏರುವುದರಿಂದ ಮಕ್ಕಳನ್ನು ನೀರಿಗೆ ಇಳಿಯಗೊಡಬಾರದು.

ಸಂಜೆಗೆ ಹಿನ್ನೀರಿನ ಅಂಚಿನ ಶೆಟ್ಟಿಹಳ್ಳಿಗೆ ಹೋಗಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಮಾತೆಯ ಚರ್ಚು ಅಲ್ಲಿ ಮಾಡಿಲ್ಲದೆ ನಿಂತಿದೆ. ಮಳೆಗಾಲ ಕಳೆದಾಗ ಅರ್ಧ ನೀರಿನಲ್ಲಿ, ಬೇಸಗೆಯಲ್ಲಿ ಒಣನೆಲದ ಮೇಲೆ. ಕಮಾನುಗಳ ಸಂದಿನಿಂದ ಇಳಿಬಿಸಿಲು ಬೀಳುವಾಗ ಅದರ ಸೊಬಗು ಹೇಳತೀರದು. ಗೋಡೆಗಳು ಜೀರ್ಣವಾಗಿವೆ, ಅವನ್ನು ಹತ್ತದೆ, ಒರಗದೆ, ದೂರದಿಂದ ನೋಡುವುದೇ ಕ್ಷೇಮ.

ಅವಸರದವರು ಇಲ್ಲಿ ಒಂದು ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ನಿಧಾನವಾಗಿ ಬಂದವರ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುತ್ತದೆ. ಚರ್ಚು ಇದ್ದ ಕಡೆ ಪ್ರಾರ್ಥನೆಗೆ ಬರುತ್ತಿದ್ದ ಜನರೂ ಇದ್ದಿರಬೇಕಲ್ಲವೆ? ಅವರ ಮನೆಗಳೆಲ್ಲಿ? ಈ ತಿಳಿನೀಲಿ ನೀರಿನ ಕೆಳಗೆ ಹಳ್ಳಿಗಳಿದ್ದುವು. ಒಲೆಗಳು, ತುಳಸಿಕಟ್ಟೆಗಳು, ಕಣಗಳು, ಅಜ್ಜಂದಿರು ನೆಟ್ಟ ಹಲಸಿನ ಮರಗಳು ಇದ್ದುವು. ಎಷ್ಟೋ ಊರಿನ ಹೊಲಕ್ಕೆ ನೀರು ಬರಲೆಂದು ಇವರು ಊರನ್ನೇ ಬಿಟ್ಟು ಎದ್ದರು. ಕಲ್ಲಿನ ಗೋಡೆ ಉಳಿಯಿತು, ಮಣ್ಣಿನ ಗೋಡೆ ಕರಗಿತು. ನಾವು ಪ್ರವಾಸದಲ್ಲಿ ನೋಡುವುದೆಲ್ಲ ಕಲ್ಲಿನಲ್ಲಿ ಉಳಿದದ್ದನ್ನೇ. ಮಣ್ಣಿನಲ್ಲಿ ಬಾಳಿದವರನ್ನು ನೆನೆಯಲು ಅಲ್ಲಿ ತುಸು ಹೊತ್ತು ಸುಮ್ಮನೆ ನಿಲ್ಲಬೇಕು. ಅಷ್ಟು ಬಿಡುವು ನಮ್ಮ ಯೋಜನೆಯಲ್ಲಿರಬೇಕು.

ಸ್ಕಾಟ್‌ಲೆಂಡಿನ ಕಥೆಯೂ ಇಂಥದೇ. ಅಲ್ಲಿನ ಬೆಟ್ಟದ ಕಣಿವೆಗಳ ನಿರ್ಜನ ಸೌಂದರ್ಯವನ್ನು ಲೋಕವೆಲ್ಲ ಹೊಗಳುತ್ತದೆ. ಆದರೆ 18 ಮತ್ತು 19ನೆಯ ಶತಮಾನಗಳಲ್ಲಿ ಕುರಿ ಸಾಕುವುದಕ್ಕಾಗಿ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿದ್ದರಿಂದ ಅಲ್ಲಿನ ಎಷ್ಟೋ ಕಣಿವೆಗಳು ನಿರ್ಜನವಾದುವು. ನೋಟಕ್ಕೆ ಶಾಂತವಾದ ಸ್ಥಳದ ಹಿಂದೆ ಯಾರದೋ ವಲಸೆ ಇರಬಹುದೆಂಬ ಅರಿವು ನಮ್ಮ ಸಂತೋಷವನ್ನು ಕೆಡಿಸುವುದಿಲ್ಲ. ಅದಕ್ಕೊಂದು ಘನತೆಯನ್ನು ಕೊಡುತ್ತದೆ.

ಎರಡು ನದಿಗಳ ದಿನ, ಏನೂ ಇಲ್ಲದ ದಿನ

ಮೂರನೆಯ ದಿನ ಹೇಮಾವತಿಯ ಹಾದಿಯಲ್ಲಿ ಹೊಳೆನರಸೀಪುರಕ್ಕೆ ಇಳಿಯಬಹುದು. ಹೊಳೆ ಹೆಸರಿನಲ್ಲಿಯೇ ಇದೆ, ನರಸಿಂಹನೂ ಇದ್ದಾನೆ. ವೇದಾಂತದಲ್ಲಿ ಆಸಕ್ತಿಯುಳ್ಳ ಹಿರಿಯರು ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಬೆಳೆಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನೋಡದೆ ಹೊರಡಲಾರರು. ಶಂಕರಭಾಷ್ಯಗಳನ್ನು ತಿಳಿಗನ್ನಡಕ್ಕೆ ತಂದ ಪುಸ್ತಕಗಳು ಹೊರಬಂದದ್ದು ಇಲ್ಲಿಂದಲೇ.

ಅಲ್ಲಿಂದ ಅರಕಲಗೂಡು. ಕಾದಂಬರಿ ಸಾರ್ವಭೌಮ ಅ.ನ.ಕೃ. ಅವರ ಹೆಸರಿನ ‘ಅ’ ಈ ಅರಕಲಗೂಡೇ ಎಂಬುದನ್ನು ಕಾದಂಬರಿಪ್ರಿಯರಾದ ನಮ್ಮ ವಾಚಕಿಯರಿಗೆ ನೆನಪಿಸಬೇಕಾಗಿಲ್ಲ. ಮುಂದೆ ಹೊಗೆಸೊಪ್ಪಿನ ಹೊಲಗಳ ನಡುವೆ ಸಾಗಿದರೆ ರಾಮನಾಥಪುರ. ಇಲ್ಲಿ ಹರಿಯುವವಳು ಕಾವೇರಿ. ರಾಮೇಶ್ವರ, ಸುಬ್ರಹ್ಮಣ್ಯರ ಗುಡಿಗಳ ದರ್ಶನ ಮುಗಿಸಿ, ಮಕ್ಕಳಿಗಾಗಿ ಕೊಣನೂರಿನ ತೂಗುಸೇತುವೆಗೂ ಹೋಗಿಬರಬಹುದು. ಬೆಳಗ್ಗೆ ಕಂಡ ಹೇಮಾವತಿ ಮುಂದೆ ಕೃಷ್ಣರಾಜಸಾಗರದ ಬಳಿ ಈ ಕಾವೇರಿಯನ್ನೇ ಕೂಡುತ್ತಾಳೆಂದು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠವಿಲ್ಲ.

ನಾಲ್ಕನೆಯ ದಿನಕ್ಕೆ ಯಾವ ಊರನ್ನೂ ಬರೆಯಬೇಡಿ. ಆಕ್ಷೇಪಣೆ ಏಳುವುದು ಇಲ್ಲಿಯೇ: ‘ಅಷ್ಟು ದೂರ ಬಂದು ಸುಮ್ಮನೆ ಕೂರುವುದೆ?’ ಹೌದು, ಸುಮ್ಮನೆ ಕೂರುವುದೇ. ಮಳೆ ಹಿಡಿದರೆ, ಮಗುವಿಗೆ ಜ್ವರ ಬಂದರೆ, ಅಜ್ಜಿಗೆ ಮಂಡಿ ನೋವಾದರೆ, ಉಳಿದ ದಿನಗಳನ್ನು ಕಾಪಾಡುವುದು ಈ ಒಂದು ಬಿಡುದಿನ. ಎಲ್ಲವೂ ಸುಗಮವಾಗಿದ್ದರೆ ಮತ್ತೆ ಗೊರೂರಿನ ಹೊಳೆಯ ದಡಕ್ಕೇ ಹೋಗಿ, ಪೆಟ್ಟಿಗೆಯಲ್ಲಿಟ್ಟ ಪುಸ್ತಕವನ್ನು ತೆಗೆಯಿರಿ. ಒಬ್ಬರು ಓದಲಿ, ಉಳಿದವರು ಕೇಳಲಿ.

ಬಿಡುವುದನ್ನು ಕಲಿಯುವ ದಿನಗಳು

ಐದನೆಯ ದಿನ ಬೇಲೂರಿನ ಹಾದಿ. ದಾರಿಯಲ್ಲಿ ಸಿಕ್ಕುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿ ಬೇಲೂರಿಗಿಂತ ಹಿರಿಯದು, 1113ರ ಸುಮಾರಿನದು. ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿಗಳು, ಪಕ್ಕದಲ್ಲಿ ಕೆರೆ, ಕಾಳಿಯ ಬಾಗಿಲಲ್ಲಿ ಎಲುಬು ತೋರುವ ಬೇತಾಳಗಳು. ಮಕ್ಕಳು ಇದನ್ನು ಮರೆಯುವುದಿಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಡುಸು. ಒಡವೆಯಂತಹ ಈ ಕುಸುರಿಗೆ ಕಾರಣ ಅದೇ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಹಳೇಬೀಡು ಇಲ್ಲಿಂದ ಹದಿನಾರೇ ಕಿಲೋಮೀಟರು, ಆಸೆಯಾಗುವುದು ಸಹಜ. ಆದರೂ ಅದನ್ನು ಮುಂದಿನ ರಜೆಗೆ ಬಿಡಿ ಎಂಬುದೇ ನಮ್ಮ ಸಲಹೆ. ಒಂದೇ ದಿನ ಎರಡು ಮಹಾಕಾವ್ಯಗಳನ್ನು ಯಾರೂ ಓದುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಮದನಿಕೆಯನ್ನು ಆರಿಸಿಕೊಂಡು ಅವಳ ಒಡವೆ, ಜಡೆ, ಕಾಲಬಳಿಯ ಪುಟ್ಟ ಆಕೃತಿಗಳನ್ನೆಲ್ಲ ನೋಡಿ, ರಾತ್ರಿ ಊಟದ ಹೊತ್ತಿಗೆ ವರ್ಣಿಸಲಿ.

ಆರನೆಯ ದಿನ ಹಿಂದಿರುಗುವ ಹಾದಿಯಲ್ಲಿ ಚನ್ನರಾಯಪಟ್ಟಣದ ಸೀಮೆ. ಬಿಸಿಲೇರುವ ಮುನ್ನ ಶ್ರವಣಬೆಳಗೊಳಕ್ಕೆ ಬನ್ನಿ. ಚಾವುಂಡರಾಯ 10ನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ಮೆಟ್ಟಿಲುಗಳು ಆರುನೂರಕ್ಕೂ ಮೇಲೆ, ಹತ್ತಲಾರದವರಿಗೆ ಡೋಲಿಯುಂಟು. ಡೋಲಿಯೂ ಬೇಡವೆನ್ನುವವರು ಎದುರಿನ ಚಿಕ್ಕಬೆಟ್ಟದ ಬಸದಿಗಳನ್ನು ನೋಡಬಹುದು. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಸಲ ನಡೆದದ್ದು 2018ರಲ್ಲಿ. ಕೋಟ್ಯಂತರ ಸೂರ್ಯೋದಯಗಳನ್ನು ಕಾದು ನಿಂತವನಂತೆ ತೋರುವ ಆ ಮುಖದ ಮುಂದೆ ಗಡಿಯಾರ ನೋಡಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಮಧ್ಯಾಹ್ನ ನುಗ್ಗೇಹಳ್ಳಿ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯ ಹೊರಗೋಡೆಯಲ್ಲಿ ಮಲ್ಲಿತಮ್ಮ, ಬೈಚೋಜ ಎಂಬ ಶಿಲ್ಪಿಗಳ ಕೈಚಳಕ ಕಾಣುತ್ತದೆ. ಬೇಲೂರಿನ ಜನಸಂದಣಿ ಇಲ್ಲಿಲ್ಲ. ನಿಮ್ಮ ಮನೆಯವರೇ ಪ್ರೇಕ್ಷಕರು. ಇದೇ ತಾಲ್ಲೂಕಿನ ಸಂತೇಶಿವರ ಎಸ್.ಎಲ್. ಭೈರಪ್ಪನವರ (1931–2025) ಹುಟ್ಟೂರು. ‘ಗೃಹಭಂಗ’ವನ್ನು ಓದಿದವರಿಗೆ ಈ ಸೀಮೆಯ ಕೆರೆ, ತೋಟ, ಜಗಲಿಗಳು ಹೊಸದಾಗಿ ತೋರುವುದಿಲ್ಲ, ಎಂದೋ ಬಂದುಹೋದ ಊರಿನಂತೆ ಕಾಣುತ್ತವೆ.

ಈ ಯೋಜನೆಯಲ್ಲಿ ಹಳೇಬೀಡಿಲ್ಲ, ಸಕಲೇಶಪುರವಿಲ್ಲ, ಮಂಜರಾಬಾದಿನ ಕೋಟೆಯಿಲ್ಲ. ಇಲ್ಲದಿರುವುದೇ ಇದರ ಗುಣ. ಪಟ್ಟಿಯಿಂದ ಒಂದು ಊರನ್ನು ಹೊಡೆದುಹಾಕಿದಾಗಲೆಲ್ಲ ಉಳಿದ ಊರುಗಳಿಗೆ ಒಂದೊಂದು ಗಂಟೆ ಹೆಚ್ಚುತ್ತದೆ. ತಂದೆತಾಯಿಗಳಿಗೆ ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವ ಬಿಡುವು ದೊರೆಯುತ್ತದೆ. ಅಜ್ಜ ಅಜ್ಜಿಯರು ‘ನನಗಾಗಿ ನೀವು ನಿಲ್ಲಬೇಕಾಯಿತು’ ಎಂದು ನೊಂದುಕೊಳ್ಳುವ ಪ್ರಸಂಗ ಬರುವುದಿಲ್ಲ. ಸ್ಕಾಟ್‌ಲೆಂಡು ದೂರದಲ್ಲಿದೆ, ಕೊಡಗು ತುಸು ಹತ್ತಿರದಲ್ಲಿದೆ. ಎರಡಕ್ಕೂ ಮುಂದೆ ಹೋಗೋಣ. ಈ ಸಲದ ರಜೆಗೆ ಹೇಮಾವತಿಯ ನಾಡು ಸಾಕು.