ಕೊನೆಯ ನಾಲ್ಕು ದಿನ, ಅಮ್ಮನ ಒಂದು ಷರತ್ತು

ಕ್ಯಾರವಾನಿನಲ್ಲಿ ಇಡೀ ಕರಾವಳಿ ಸುತ್ತಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಒಂದು, ಎಷ್ಟು ಖರ್ಚಾಯ್ತು? ಇನ್ನೊಂದು, ಸ್ವಲ್ಪ ದನಿ ತಗ್ಗಿಸಿ, ಟಾಯ್ಲೆಟ್ಟಿಗೆ ಏನ್ ಮಾಡಿದ್ರಿ?

ಖರ್ಚು ಅಂದುಕೊಂಡದ್ದಕ್ಕಿಂತ ಜಾಸ್ತಿನೇ ಆಯ್ತು. ಟಾಯ್ಲೆಟ್ ಗಾಡಿಯೊಳಗೇ ಇತ್ತು. ಅದರ ಕೆಳಗಿನ ಡಬ್ಬಿಯನ್ನು ಎರಡು ದಿನಕ್ಕೊಮ್ಮೆ ಯಾವುದಾದರೂ ಶೌಚಾಲಯಕ್ಕೆ ಒಯ್ದು ಖಾಲಿ ಮಾಡಿ ತೊಳೆಯಬೇಕು. ಆ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಮದುವೆಯಾಗಿ ಆರು ವರ್ಷದಲ್ಲಿ ಅವನ ಮೇಲೆ ನನಗೆ ಅಷ್ಟು ಗೌರವ ಬಂದದ್ದು ಅದೇ ಮೊದಲು.

ಯಾರೂ ಕೇಳದ ವಿಷಯ ಇನ್ನೊಂದಿದೆ. ಅದು ಕೊನೆಯ ನಾಲ್ಕು ದಿನದ್ದು.

ಮೊದಲು ಹಿನ್ನೆಲೆ ಹೇಳ್ತೀನಿ. ಒಂದು ಕೆಲಸ ಬಿಟ್ಟು ಇನ್ನೊಂದು ಸೇರುವ ನಡುವೆ ನನಗೆ ಒಂದು ತಿಂಗಳು ಸಿಕ್ಕಿತ್ತು, 2025ರ ಜನವರಿ. ಗಂಡನದು ಅರ್ಧ ರಜೆ, ಅರ್ಧ ಲ್ಯಾಪ್‌ಟಾಪ್. ಬೆಂಗಳೂರಿನಲ್ಲಿ ಬಾಡಿಗೆಗೆ ಕ್ಯಾರವಾನ್ ಹಿಡಿದು, ಕನ್ಯಾಕುಮಾರಿಗೆ ಇಳಿದು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಾರವಾರದವರೆಗೆ ಬರೋದು ಅಂತ ಪ್ಲ್ಯಾನ್. ಈ ರಸ್ತೆ ಕನ್ಯಾಕುಮಾರಿಯಿಂದ ಮುಂಬೈ ಹತ್ತಿರದ ಪನ್ವೇಲ್‌ವರೆಗೂ ಹೋಗ್ತದೆ. ನಾವು ಹಿಡಿದದ್ದು ಅದರಲ್ಲಿ ಸುಮಾರು ಸಾವಿರ ಕಿಲೋಮೀಟರ್. ಅವಸರ ಇದ್ದವರು ಎರಡು ದಿನದಲ್ಲಿ ಮುಗಿಸುವ ದಾರಿ. ನಮ್ಮ ಪ್ರವಾಸ ಒಟ್ಟು 22 ದಿನ.

ಜೊತೆಗೆ ಅಮ್ಮ. ವಯಸ್ಸು 68. ಅಪ್ಪ ಹೈಸ್ಕೂಲು ಮಾಸ್ತರಾಗಿದ್ದವರು, ತೀರಿಕೊಂಡು ಮೂರು ವರ್ಷ ಆಯ್ತು. ಅಂದಿನಿಂದ ಹೊನ್ನಾವರದ ಹತ್ತಿರದ ಮನೆಯಲ್ಲಿ ಅಮ್ಮ ಒಬ್ಬಳೇ. ಪುಣೆಯಲ್ಲಿರುವ ಅಣ್ಣನಿಗೆ ಮನೆ, ಜಾಗ ಎಲ್ಲ ಮಾರಿಬಿಡುವ ಮನಸ್ಸು. ಗಿರಾಕಿಯೂ ಸಿಕ್ಕಿದ್ದ, ಜನವರಿ ಕೊನೆಯೊಳಗೆ ಉತ್ತರ ಬೇಕು ಅಂದಿದ್ದ. "ಇಪ್ಪತ್ತೆರಡು ದಿನ ಒಟ್ಟಿಗೇ ಇರ್ತೀರಲ್ಲ, ಕಾರವಾರ ಮುಟ್ಟುವಷ್ಟರಲ್ಲಿ ಅಮ್ಮನನ್ನು ಒಪ್ಪಿಸಿಬಿಡು" ಅಂತ ಅಣ್ಣ ನನಗೆ ವಹಿಸಿದ್ದ. ನನಗೂ ಅದೇ ಸರಿ ಅನ್ನಿಸಿತ್ತು. ಅಮ್ಮ ಒಬ್ಬಳೇ ಇದ್ದಾಳೆ ಅನ್ನುವ ಯೋಚನೆ ಮೀಟಿಂಗ್ ನಡುವೆ ಎಷ್ಟು ಸಲ ಬರ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ನೂರು ಲೀಟರ್ ನೀರು

ಕ್ಯಾರವಾನ್ ಅಂದ್ರೆ ಫೋಟೋದಲ್ಲಿ ಕಾಣುವ ಹಾಗೆ ಬರೀ ಕಿಟಕಿ, ಸಮುದ್ರ, ಕಾಫಿ ಕಪ್ ಅಲ್ಲ. ಅದೊಂದು ಲೆಕ್ಕದ ಸಂಸಾರ. ನಮ್ಮ ಗಾಡಿಯ ನೀರಿನ ಟ್ಯಾಂಕು 100 ಲೀಟರಿನದು. ಮೂರು ಜನ, ಸ್ನಾನ, ಪಾತ್ರೆ, ಎಲ್ಲಾ ಅದರಲ್ಲೇ. ಏಸಿ ಓಡಬೇಕಾದರೆ ರಾತ್ರಿ ಎಲ್ಲಾದರೂ 15 ಆಂಪಿಯರ್ ಪ್ಲಗ್ ಸಿಗಬೇಕು. ಕೇರಳ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಅಂತ ನೀತಿ ತಂದಿದೆ, ಆದರೆ ನಮ್ಮ ದಾರಿಯಲ್ಲಿ ರಾತ್ರಿ ಕಳೆಯಲು ಹೆಚ್ಚಾಗಿ ಸಿಕ್ಕಿದ್ದು ಹೋಂಸ್ಟೇ ಅಂಗಳ, ದೇವಸ್ಥಾನದ ಪಾರ್ಕಿಂಗು.

ಮೊದಲ ವಾರ ನಾವಿಬ್ಬರೂ ಹ್ಯಾಂಡ್ ಶವರ್ ಹಿಡಿದುಕೊಂಡು ಮಧ್ಯಾಹ್ನದೊಳಗೇ ಟ್ಯಾಂಕು ಬರಿದು ಮಾಡ್ತಿದ್ದೆವು. ಅಮ್ಮ ಮಾತಾಡಲಿಲ್ಲ. ವರ್ಕಲದ ಅಂಗಡಿಯೊಂದರಲ್ಲಿ ಸ್ಟೀಲಿನ ಚೆಂಬು ಕೊಂಡಳು. ಬೆಳಿಗ್ಗೆ ಐದಕ್ಕೆ ಎದ್ದು, ನಾಲ್ಕು ಚೆಂಬಿನಲ್ಲಿ ಸ್ನಾನ ಮುಗಿಸಿ, ನಮ್ಮ ನಿದ್ದೆ ಕೆಡದ ಹಾಗೆ ಚಹಾ ಇಟ್ಟು, ಬಾಗಿಲು ತೆಗೆದು ಹೊರಗೆ ಕುರ್ಚಿ ಹಾಕಿಕೊಂಡು ಕೂತುಬಿಡ್ತಿದ್ದಳು. ಎರಡನೇ ವಾರಕ್ಕೆ ಆ ಚೆಂಬು ಮೂವರದೂ ಆಯ್ತು.

ಮಾರಾಟದ ಮಾತು ಮಾತ್ರ ಬರಲಿಲ್ಲ. ಆಲಪ್ಪುಳದಲ್ಲಿ ಎತ್ತಬೇಕು ಅಂದುಕೊಂಡೆ, ಕಣ್ಣೂರು ದಾಟಲಿ ಅಂದುಕೊಂಡೆ. ತಲಪಾಡಿ ಗೇಟು ದಾಟಿ ಕನ್ನಡದ ಬೋರ್ಡು ಕಂಡಾಗ ಉಳಿದದ್ದು ನಾಲ್ಕೈದು ದಿನ ಅಷ್ಟೇ.

ದಿನ 19: ಮರವಂತೆ

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ನಡುವೆ ಹೆದ್ದಾರಿ. ಹತ್ತಿರದ ಒಂದು ತೋಟದ ಮನೆಯಲ್ಲಿ ನಿಲ್ಲಲು ಜಾಗ, ಕರೆಂಟು ಸಿಕ್ಕಿತು. ರಾತ್ರಿ ಅಣ್ಣನ ಫೋನ್.

"ಕೇಳಿದ್ಯಾ?"

"ಇಲ್ಲ ಕಣೋ. ನಾಳೆ ಮನೆಗೇ ಹೋಗ್ತೀವಲ್ಲ, ಅಲ್ಲೇ ಕೇಳ್ತೀನಿ."

ಆರು ಮೀಟರ್ ಗಾಡಿಯಲ್ಲಿ ಗುಟ್ಟು ಅನ್ನೋದು ಇರೋದಿಲ್ಲ. ನಾನು ತೆಂಗಿನ ಮರದ ಕೆಳಗೆ ಹೋಗಿ ಪಿಸುಗುಟ್ಟಿದ್ದೆ. ಒಳಗೆ ಬಂದರೆ ಅಮ್ಮ ಗಂಜಿ ಬಡಿಸ್ತಾ, "ಅಣ್ಣ ಅರಾಮಿದ್ನನೇ?" ಅಂದಳು. ಅಷ್ಟೇ. ಮಿಡಿ ಉಪ್ಪಿನಕಾಯಿಯ ಡಬ್ಬಿ ನನ್ನ ಕಡೆ ಸರಿಸಿದಳು.

ದಿನ 20: ಹೊನ್ನಾವರ

ಭಟ್ಕಳ, ಮುರ್ಡೇಶ್ವರ ದಾಟಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಕಾಸರಕೋಡಿನ ಬೀಚು ದಾಟಿ, ಶರಾವತಿ ಸೇತುವೆಗೆ ಬಂದೆವು. ಜೋಗದಲ್ಲಿ ಧುಮುಕಿ ಬಂದ ನದಿ ಇಲ್ಲಿ ಅಗಲವಾಗಿ ಹರಡಿ ಸಮುದ್ರ ಸೇರ್ತದೆ. ಅಮ್ಮ ಕಿಟಕಿಗೆ ಹಣೆ ಒತ್ತಿ ನೋಡ್ತಿದ್ದಳು.

ನಮ್ಮ ಮನೆಯ ಓಣಿಗೆ ಕ್ಯಾರವಾನ್ ಹೋಗಲಿಲ್ಲ, ಹಲಸಿನ ಕೊಂಬೆ ಅಡ್ಡ. ಮುಖ್ಯರಸ್ತೆಯ ಬದಿಗೇ ನಿಲ್ಲಿಸಿ ನಡೆದೆವು. ಬೀಗ ತೆಗೆದರೆ ಮುಚ್ಚಿಟ್ಟ ಮನೆಯ ವಾಸನೆ. ಬಾಗಿಲ ಪಟ್ಟಿಯ ಮೇಲೆ ಗೆದ್ದಲು ಆಗಲೇ ಒಂದು ಗೇಣು ಏರಿತ್ತು. ಅಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದವಳು ಒಂದು ತಾಸು ನಿಲ್ಲಲಿಲ್ಲ. ನಂತರ ಬಾವಿಗೆ ಕೊಡಪಾನ ಇಳಿಸಿದಳು.

"ಟ್ಯಾಂಕಿಗೆ ಎಷ್ಟು ಬೇಕು? ತುಂಬಿಸ್ಕೊಳ್ಳಿ. ಈ ನೀರು ಕುಡುದು ಎಷ್ಟು ದಿನ ಆಯ್ತು ನಿನ್ಗೆ?"

ನನ್ನ ಗಂಡ ಮತ್ತು ನಾನು ಕೊಡದಲ್ಲಿ ಹೊತ್ತು ಹೊತ್ತು ಕ್ಯಾರವಾನಿನ ಟ್ಯಾಂಕು ತುಂಬಿಸಿದೆವು. ಹತ್ತು ಸಲ ಹೋಗಿ ಬರುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಇದೇ ದಾರಿಯಲ್ಲಿ ಅಮ್ಮ ದಿನಾ ಹಾಲು, ರೇಷನ್ನು, ಗ್ಯಾಸಿನ ಚೀಟಿ ಅಂತ ಓಡಾಡ್ತಾಳೆ.

ಮೂಲ ಪ್ಲ್ಯಾನಿನಲ್ಲಿ ಅಮ್ಮ ಇಲ್ಲೇ ಇಳಿಯೋದು ಅಂತಿತ್ತು. ಸಂಜೆ ಚಹಾ ಕುಡಿಯುವಾಗ ನಾನು ಬಾಯಿ ತೆಗೆಯುವ ಮೊದಲೇ ಅವಳು ಹೇಳಿದಳು, "ನಾಳೆ ನಾನೂ ಬರ್ತೆ. ಕಾರವಾರ ನೋಡ್ಲಿಲ್ಲ ನಾನು."

"ಎಷ್ಟು ಸಲ ಹೋಗಿದ್ಯಲ್ಲ ಅಮ್ಮ?"

"ಅಪ್ಪನ ಪಿಂಚಣಿ ಕಾಗದ ಹಿಡ್ಕಂಡು ಹೋದದ್ದು. ಬಸ್ ಸ್ಟ್ಯಾಂಡು, ಆಫೀಸು, ಝೆರಾಕ್ಸ್ ಅಂಗಡಿ, ಮತ್ತೆ ಬಸ್ ಸ್ಟ್ಯಾಂಡು. ಸಮುದ್ರ ಯಾರು ನೋಡಿದ್ದು?"

ಹೊನ್ನಾವರದಿಂದ ಕಾರವಾರ ಸುಮಾರು 90 ಕಿಲೋಮೀಟರ್.

ದಿನ 21: ಶಿರೂರು

ಕುಮಟೆಯಲ್ಲಿ ಬನ್ಸ್, ಭಾಜಿ ತಿಂದೆವು. ಸಾಣಿಕಟ್ಟೆಯ ಉಪ್ಪು ಎರಡು ಕಿಲೋ ಕೊಂಡಳು ಅಮ್ಮ. ಅಂಕೋಲೆಗೆ ಮುಂಚೆ ರಸ್ತೆ ಗಂಗಾವಳಿ ನದಿಯ ದಡಕ್ಕೆ ಬರ್ತದೆ. ಎಡಕ್ಕೆ ನೋಡಿದರೆ ನದಿ ಎಷ್ಟು ಶಾಂತವಾಗಿತ್ತೋ, ಬಲಕ್ಕಿನ ಗುಡ್ಡ ಅಷ್ಟೇ ಬೋಳಾಗಿ, ಕೆಂಪು ಗಾಯದ ಹಾಗೆ ನಿಂತಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಕುಸಿದದ್ದು ಇದೇ ಗುಡ್ಡ. ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ವಾಹನ ಎಲ್ಲವನ್ನೂ ಮಣ್ಣು ನದಿಗೆ ತಳ್ಳಿತ್ತು. ಕೇರಳದ ಒಂದು ಲಾರಿ ನದಿಯೊಳಗಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ.

ಗಂಡ ಗಾಡಿ ನಿಧಾನ ಮಾಡಿದ. ಯಾರೂ ಫೋನ್ ಹೊರಗೆ ತೆಗೆಯಲಿಲ್ಲ. ಗುಡ್ಡ ಹಿಂದಾದ ಮೇಲೆ ಅಮ್ಮ ಮಾತಾಡಿದಳು.

"ಆ ವಾರ ನಮ್ಮಲ್ಲಿ ಮೂರು ದಿನ ಕರೆಂಟಿರ್ಲಿಲ್ಲ. ರಾತ್ರಿ ಬಚ್ಚಲಿಗೆ ಹೋದವ್ಳು ಬಿದ್ದೆ. ಮೊಬೈಲು ಚಾರ್ಜಿಲ್ಲ. ಕೂಗಿದ್ರೆ ಮಳೆಲಿ ಯಾರಿಗೆ ಕೇಳ್ತದೆ? ಬೆಳಿಗ್ಗೆ ಹಾಲು ತಪ್ಪವ ಬಂದು ಎಬ್ಬಿಸಿದ."

ನನಗೆ ಮಾತೇ ಹೊರಡಲಿಲ್ಲ. ಅದೇ ವಾರ ಸುದ್ದಿ ನೋಡಿ ನಾನು ಫೋನ್ ಮಾಡಿದ್ದೆ, ಎರಡು ದಿನದ ನಂತರ ಸಿಕ್ಕಿದ್ದಳು, "ನಂಗೆ ಎಂತ ಆಗ್ಲಿಲ್ಲ, ಟವರ್ ಇರ್ಲಿಲ್ಲ" ಅಂದಿದ್ದಳು.

"ಹೇಳಿದ್ರೆ ನೀವು ಆಗ್ಲೇ ಮನೆ ಮಾರಿಸ್ತಿದ್ರಿ" ಅಂದಳು, ನಾನು ಕೇಳದ ಪ್ರಶ್ನೆಗೆ ಉತ್ತರವಾಗಿ. "ಮರವಂತೆಲಿ ನೀನು ಅಣ್ಣನ ಹತ್ರ ಮಾತಾಡಿದ್ದು ಕೇಳಿದೆ. ತೆಂಗಿನ ಮರ ಎಂತ ಗೋಡೆಯನೇ?"

ಗಂಡ ನಕ್ಕುಬಿಟ್ಟ. ಅಮ್ಮನೂ ನಕ್ಕಳು. ನನಗೆ ನಗುವೂ ಬಂತು, ಅಳುವೂ ಬಂತು.

ಕಾರವಾರದ ಸಂಜೆ

ಕಾರವಾರದ ಬೀಚಿಗೆ ರವೀಂದ್ರನಾಥ ಠಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಆಸುಪಾಸಿನ ರವೀಂದ್ರರು ಅಣ್ಣನ ಮನೆಗೆ ಬಂದವರು ಈ ಕಡಲನ್ನು ನೋಡಿ 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕ ಬರೆದರು. ಇದನ್ನು ಹೇಳಿದಾಗ ಅಮ್ಮ, "ಹಾಂಗಾದ್ರೆ ಅವ್ರೂ ಬಂದದ್ದು ಸರ್ಕಾರಿ ಆಫೀಸರ ದೆಸೆಯಿಂದ್ಲೇ" ಅಂದಳು. ಪಕ್ಕದಲ್ಲೇ ಮ್ಯೂಸಿಯಂ ಆಗಿ ನಿಂತ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ಟಿಕೆಟ್ ತಗೊಂಡು ಹತ್ತಿ ಇಳಿದಳು. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿನಲ್ಲಿ ಬಹಳ ದೂರ ನಡೆದಳು. ಆಮೇಲೆ ಮರಳಲ್ಲಿ ಕೂತು, ಮೀನುಗಾರಿಕಾ ದೋಣಿಗಳನ್ನು ನೋಡ್ತಾ ತನ್ನ ತೀರ್ಮಾನ ಹೇಳಿದಳು.

"ಜೂನ್ ಒಂದಕ್ಕೆ ಆ ದೋಣಿ ಎಲ್ಲ ದಡಕ್ಕೆ ಬರ್ತದೆ. ಎರಡು ತಿಂಗಳು ಯಾರೂ ಕಡಲಿಗೆ ಹೋಗುದಿಲ್ಲ. ಹೋಗುದಿಲ್ಲ ಅಂತ ದೋಣಿ ಮಾರ್ತಾರನೇ? ನಾನೂ ಹಾಂಗೆ. ಮಳೆಗಾಲಕ್ಕೆ ನಿಮ್ಮಲ್ಲಿಗೆ ಬರ್ತೆ. ನವರಾತ್ರಿಗೆ ಮೊದಲು ನನ್ನನ್ನ ಮನೆಗೆ ಬಿಡ್ಬೇಕು. ಮನೆ ಮಾರೂದಿಲ್ಲ."

ಯಾಂತ್ರೀಕೃತ ದೋಣಿಗಳಿಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರ್ತದೆ, ಮೀನು ಮರಿ ಮಾಡುವ ಕಾಲ ಅಂತ. ಚಿಕ್ಕಂದಿನಿಂದ ನೋಡಿದ ವಿಷಯ. ಅದು ನಮ್ಮ ಮನೆಯ ತಂಟೆಗೂ ಉತ್ತರ ಆದೀತು ಅಂತ ನನಗಾಗಲೀ ಅಣ್ಣನಿಗಾಗಲೀ ಹೊಳೆದಿರಲಿಲ್ಲ. ಮಾರೋದು, ಬಿಡೋದು, ಎರಡೇ ದಾರಿ ಅಂತ ನಾವು ಮೂರು ವರ್ಷ ವಾಟ್ಸ್ಯಾಪಿನಲ್ಲಿ ಗುದ್ದಾಡಿದ್ದೆವು.

"ಇದನ್ನ ಮೊದಲೇ ಹೇಳ್ಬಹುದಿತ್ತಲ್ಲ ಅಮ್ಮ?" ಅಂದೆ.

"ನಿಮ್ಮೊಟ್ಟಿಗೆ ಇರೂಕಾಗ್ತದೋ ಇಲ್ವೋ ನೋಡ್ಬೇಡ್ವನೇ? ಇಪ್ಪತ್ತು ದಿನ ಈ ಡಬ್ಬಿಲಿ ನೋಡಿದೆ. ಅಳಿಯಂದಿರು ಪಾತ್ರೆ ತೊಳೀತಾರೆ, ಸಿಟ್ಟು ಬಂದ್ರೆ ಹೊರಗೆ ಹೋಗಿ ಬರ್ತಾರೆ. ನೀನು ಬೆಳಿಗ್ಗೆ ಹತ್ತು ಗಂಟೆವರೆಗೆ ಮಾತಾಡಿಸ್ಬಾರ್ದು. ಸಾಕು, ಗೊತ್ತಾಯ್ತು."

ಒಂದು ಷರತ್ತು ಹಾಕಿದಳು. ಬೆಂಗಳೂರಿನ ಮನೆಯಲ್ಲಿ ತನ್ನದೇ ಒಂದು ಒಲೆ ಬೇಕು. ಐದು ಗಂಟೆಗೆ ಚಹಾ ಮಾಡಿಕೊಳ್ಳಲು ಯಾರ ಅಡುಗೆಮನೆಯನ್ನೂ ಕೇಳಬಾರದು.

ದಿನ 22 ಮತ್ತು ಆಮೇಲೆ

ಕೊನೆಯ ಬೆಳಿಗ್ಗೆ ಕಾಳಿ ನದಿಯ ಸೇತುವೆವರೆಗೆ ಹೋಗಿ ಬಂದೆವು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಿತ್ತು, ಲಾರಿಯೊಂದು ನದಿಗೆ ಬಿದ್ದು ಅದರ ಚಾಲಕ ಬದುಕಿ ಬಂದಿದ್ದ. ಅದೂ ಮಳೆಗಾಲವೇ. ಅಮ್ಮನ ಮಾತಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ವಾಪಸ್ ಹೊನ್ನಾವರಕ್ಕೆ ಬಂದು ಅವಳನ್ನು ಮನೆಗೆ ಬಿಟ್ಟೆವು. ಬಚ್ಚಲಿಗೆ ಹಿಡಿಕಂಬಿ ಹಾಕಿಸಲು, ಒಂದು ಸೋಲಾರ್ ದೀಪ ತರಲು ಅಂತ ಇನ್ನೊಂದು ದಿನ ನಿಂತೆವು. ಗಿರಾಕಿಗೆ 'ಇಲ್ಲ' ಅಂತ ಅಮ್ಮನೇ ಫೋನ್ ಮಾಡಿದಳು.

ಅಣ್ಣ ಪೂರ್ತಿ ಒಪ್ಪಿಲ್ಲ. ಉಳಿದ ಎಂಟು ತಿಂಗಳು ಏನಾದರೂ ಆದರೆ ಅಂತ ಅವನ ಪ್ರಶ್ನೆ. ಅದಕ್ಕೆ ನನ್ನಲ್ಲೂ ಉತ್ತರ ಇಲ್ಲ. ಈಗ ದಿನಾ ರಾತ್ರಿ ಎಂಟಕ್ಕೆ ಅಮ್ಮ ಮಿಸ್ಡ್ ಕಾಲ್ ಕೊಡ್ತಾಳೆ, ಬರದಿದ್ದರೆ ಪಕ್ಕದ ಮನೆಯವರಿಗೆ ಫೋನ್ ಹೋಗ್ತದೆ. ಅಷ್ಟು ಏರ್ಪಾಟು ಆಗಿದೆ.

ನಿಮ್ಮ ಮನೆಯಲ್ಲೂ ಇಂಥದೊಂದು ಮಾತು ಬಾಕಿ ಇದ್ದರೆ ಕ್ಯಾರವಾನೇ ಬೇಕು ಅಂತ ನಾನು ಹೇಳೋದಿಲ್ಲ. ಅಷ್ಟು ದುಡ್ಡು ಯಾಕೆ? ಆದರೆ ಹಬ್ಬಕ್ಕೆ ಹೋಗಿ ಎರಡು ದಿನದಲ್ಲಿ ವಾಪಸ್ ಬರುವಾಗ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುವ ಮಾತಲ್ಲ ಅದು. ಒಟ್ಟಿಗೆ ಉಂಡು, ಜಗಳ ಆಡಿ, ಅದೇ ನೀರಲ್ಲಿ ಮಿಂದು ಒಂದಷ್ಟು ದಿನ ಕಳೆಯಬೇಕು. ಹಿರಿಯರಿಗೂ ನಮ್ಮನ್ನು ನೋಡಲು ಅಷ್ಟು ಸಮಯ ಬೇಕು.

ಮೇ ಕೊನೆಯ ವಾರಕ್ಕೆ ರೈಲು ಟಿಕೆಟ್ ಆಗಿದೆ. ನಮ್ಮ ಯುಟಿಲಿಟಿಯ ಕಲ್ಲಿನ ಮೇಲೆ ಸಣ್ಣದೊಂದು ಒಲೆ ಕೂತಿದೆ. ನಿನ್ನೆ ಅಮ್ಮನ ಫೋನ್ ಬಂದಿತ್ತು.

"ತಂಗಿ, ನಿಮ್ಮಲ್ಲಿ ಟ್ಯಾಂಕರ್ ನೀರಲ್ದನೇ? ಎಷ್ಟು ದಿನಕ್ಕೊಂದು ಬರ್ತದೆ? ಆ ಚೆಂಬು ತೆಗ್ದಿಡು, ಬಿಸಾಕ್ಬೇಡ."