ಬೆರಳ ತುದಿಯ ಸಾಕ್ಷ್ಯ

ಮುದಗಲ್ಲಿನ ನಮ್ಮ ಮನೆಯಲ್ಲಿ ಒಂದು ಶುಕ್ರವಾರ ಜುಮಾ ಮುಗಿಸಿ ಬಂದು ಮಲಗಿದ್ದೆ. ತಂಗಿಯ ಮಗ ಆಟವಾಡಲೆಂದು ನಿದ್ದೆಯಲ್ಲಿದ್ದ ನನ್ನ ಹೆಬ್ಬೆರಳನ್ನು ಒತ್ತಿ ಮೊಬೈಲ್ ತೆರೆದ. ಆಗ ಬಂದ ಸಂದೇಶವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಬಿಟ್ಟ. ಅದು ಮಿತ್ರರೊಬ್ಬರು ನನಗಷ್ಟೇ ತಿಳಿಸಿದ್ದ ಸಾಲದ ಸಂಕಟವಾಗಿತ್ತು. ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು, ಆದರೆ ಮತ್ತೆಂದೂ ತಮ್ಮ ಕಷ್ಟವನ್ನು ನನಗೆ ಹೇಳಲಿಲ್ಲ.

ಅಮಾನತ್ತನ್ನು ಕಾಯುವವರನ್ನು ಪವಿತ್ರ ಕುರ್‌ಆನ್ (23:8) ಸತ್ಯವಿಶ್ವಾಸಿಗಳ ಸಾಲಿನಲ್ಲಿ ಎಣಿಸಿದೆ. ಪರರ ಗುಟ್ಟೂ ಅಮಾನತ್ತೇ. ಅಂದೇ ಬೆರಳಚ್ಚಿನ ಬೀಗವನ್ನು ತೆಗೆದು ಗುಪ್ತಸಂಖ್ಯೆಯನ್ನು ಇರಿಸಿದೆ. ಸಂಖ್ಯೆ ಬಯಲಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಅಮ್ಮಿಗೆ ಈ ಆಯ್ಕೆಯೂ ಇಲ್ಲ. ಹೊಲದ ದುಡಿಮೆಯಲ್ಲಿ ಸವೆದ ಅವರ ಬೆರಳನ್ನು ಮೊಬೈಲ್ ಗುರುತಿಸದು. ಪಡಿತರ ಅಂಗಡಿಯ ಯಂತ್ರವೂ ಹಲವು ಬಾರಿ ಒರೆಸಿ ಒತ್ತಿದ ಬಳಿಕವೇ ಒಪ್ಪುತ್ತದೆ. “ನನ್ನನ್ನು ಸೃಷ್ಟಿಸಿದವನಿಗೆ ನನ್ನ ಗುರುತಿದೆ ಬೇಟಾ” ಎನ್ನುತ್ತಾರೆ. ಬೆರಳ ತುದಿಗಳನ್ನೂ ಮರಳಿ ಸರಿಯಾಗಿ ರೂಪಿಸಲು ತಾನು ಶಕ್ತನೆಂದು ಅಲ್ಲಾಹನು ಸೂರಃ ಅಲ್ ಕಿಯಾಮಃದಲ್ಲಿ (75:4) ತಿಳಿಸಿದ್ದಾನೆ.

ಬೆರಳಿನಿಂದ ಮೊಬೈಲ್ ತೆರೆಯುವವರನ್ನು ನಾನು ದೂರುವುದಿಲ್ಲ; ಅಂಕಿ ನೆನಪಿಡಲಾಗದವರಿಗೆ ಅದು ಅನುಕೂಲವೇ. ಆದರೆ ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತನಾಡುವ ದಿನವನ್ನು (36:65) ನೆನೆದಾಗ, ಈ ಹೆಬ್ಬೆರಳು ಏನು ಹೇಳೀತೆಂಬ ಅಳುಕು ನನ್ನನ್ನು ಕಾಡುತ್ತದೆ. ಅಲ್ಲಾಹನು ನಮ್ಮನ್ನು ಅಮಾನತ್ ಕಾಯುವವರನ್ನಾಗಿ ಮಾಡಲಿ. ಆಮೀನ್.